ಕ್ಯೂಬಾದವರಿಲ್ಲದ ಕ್ಯೂಬನ್ ಜೈಂಟ್ಸ್

ಪ್ರಿಯ ಗೆಳೆಯಾ,

ಕ್ಷೇಮ. ನಿನ್ನ ಪತ್ರ ತಲುಪಿತು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕಪ್ಪು ಜನರ ಚರಿತ್ರೆ 1947ರಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರ ಅದುವರೆಗೆ ಬಿಳಿಯರದಾಗಿದ್ದ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಮೈದಾನಕ್ಕಿಳಿದಂದು ಆರಂಭವಾಯಿತೆಂಬ ಧಾಟಿಯಲ್ಲಿ ನೀನು ಬರೆದಿದ್ದೀಯೆ. ಅದಕ್ಕೆ ಅರವತ್ತೆರಡು ವರ್ಷ ಮೊದಲೇ ಆಟವನ್ನೇ ಕಸುಬು ಮಾಡಿಕೊಂಡ ಕಪ್ಪು ಜನರ ತಂಡವೊಂದು ಹುಟ್ಟಿತ್ತು. ಅದರ ಹೆಸರು ಕ್ಯೂಬನ್ ಜೈಂಟ್ಸ್. ಆದರೆ ಆ ಮೊದಲ ತಂಡದಲ್ಲಿ ಕ್ಯೂಬಾದವನು ಒಬ್ಬನೂ ಇರಲಿಲ್ಲ. ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವುದು ಆ ಹೆಸರೇ.

ನ್ಯೂಯಾರ್ಕಿನ ಸಿರಿವಂತರು ಬೇಸಿಗೆ ಕಳೆಯಲು ಹೋಗುತ್ತಿದ್ದ ಲಾಂಗ್ ಐಲೆಂಡಿನ ಬ್ಯಾಬಿಲಾನ್ ಎಂಬ ಊರಿನಲ್ಲಿ ಆರ್ಗೈಲ್ ಎಂಬ ಹೋಟೆಲಿತ್ತು. ಅಲ್ಲಿನ ಹೆಡ್ ವೇಟರ್ ಫ್ರ್ಯಾಂಕ್ ಥಾಮ್ಸನ್. ಅತಿಥಿಗಳ ಮನರಂಜನೆಗೆಂದು ಹೋಟೆಲಿನ ಮಾಣಿಗಳು ಆಡತೊಡಗಿದರು, ಅದೇ ಮುಂದೆ ತಂಡವಾಯಿತು ಎಂಬುದು ಪ್ರಚಲಿತ ಕಥೆ. ಥಾಮ್ಸನ್ ತಾನೇ 1887ರಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟ ವಿವರ ಬೇರೆ: 1885ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಕೀಸ್ಟೋನ್ ಅಥ್ಲೆಟಿಕ್ಸ್ ಎಂಬ ತಂಡ ಕಟ್ಟಿ, ಜುಲೈನಲ್ಲಿ ಅದನ್ನು ಬ್ಯಾಬಿಲಾನಿಗೆ ಕರೆತಂದು, ಆಗಸ್ಟಿನಲ್ಲಿ ಫಿಲಡೆಲ್ಫಿಯಾದ ಓರಿಯನ್ಸ್ ಮತ್ತು ವಾಷಿಂಗ್ಟನ್ನಿನ ಮ್ಯಾನ್‌ಹಟನ್ಸ್ ತಂಡಗಳ ಜೊತೆ ಕೂಡಿಸಲಾಯಿತು. ನನಗೆ ಇದೇ ನಂಬಲರ್ಹವೆನಿಸುತ್ತದೆ. ಬಡಿಸುವವರು ಆಟ ಕಲಿತರು ಎನ್ನುವುದಕ್ಕಿಂತ, ಆಟ ಬಲ್ಲವರಿಗೆ ಬಡಿಸುವ ಕೆಲಸ ಕೊಟ್ಟು ತಂಡವನ್ನು ಉಳಿಸಿಕೊಂಡರು ಎನ್ನುವುದು ಸರಿ. ಚಳಿಗಾಲ ಬಂದರೆ ಫ್ಲಾರಿಡಾದ ಸೇಂಟ್ ಆಗಸ್ಟೀನಿನ ಹೋಟೆಲುಗಳಲ್ಲಿಯೂ ಇದೇ ವ್ಯವಸ್ಥೆ ನಡೆಯಿತು.

ಇನ್ನು ಹೆಸರು. ಬಿಳಿಯ ಪ್ರೇಕ್ಷಕರ ಕಣ್ಣಿಗೆ ಪರದೇಶದವರಂತೆ ಕಾಣಲೆಂದು ಆಟಗಾರರು ಮೈದಾನದಲ್ಲಿ ಸ್ಪ್ಯಾನಿಷ್‌ನಂತೆ ಕೇಳಿಸುವ ಅರ್ಥವಿಲ್ಲದ ಮಾತುಗಳನ್ನು ಆಡುತ್ತಿದ್ದರಂತೆ. ಈ ತಂಡದಲ್ಲಿ ಸ್ವತಃ ಆಡಿದ್ದ ಸೋಲ್ ವೈಟ್ ತನ್ನ ಮುಪ್ಪಿನಲ್ಲಿ ಹಾಗೆ ಹೇಳಿದ್ದು 1938ರಲ್ಲಿ ಅಚ್ಚಾಯಿತು. 1907ರಲ್ಲಿ ಆತನೇ ಬರೆದ ಕಪ್ಪು ಜನರ ಬೇಸ್‌ಬಾಲ್ ಚರಿತ್ರೆಯಲ್ಲಿ ಮಾತ್ರ ಇದರ ಸುಳಿವಿಲ್ಲ. ಅಂದಿನ ಪತ್ರಿಕೆಗಳು ಆಟಗಾರರ ಬಣ್ಣವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದವು. ಹೆಸರಿನಿಂದ ಮೋಸಹೋದವರು ಯಾರೂ ಇದ್ದಂತಿಲ್ಲ. ಎಲ್ಲರಿಗೂ ಗೊತ್ತಿದ್ದರೂ ಇರಲಿ ಎಂದು ಇಳಿಬಿಟ್ಟ ತೆರೆ ಅದು. ಮುಂದಿನ ದಶಕಗಳಲ್ಲಿ ಎಷ್ಟೋ ಕಪ್ಪು ತಂಡಗಳು 'ಜೈಂಟ್ಸ್' ಎಂದೇ ಹೆಸರಿಟ್ಟುಕೊಂಡದ್ದರಿಂದ ಆ ಪದವೇ ಗುರುತಿನ ಚೀಟಿಯಾಗಿಬಿಟ್ಟಿತು.

1886ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್ನಿನ ವಾಲ್ಟರ್ ಕುಕ್ ಎಂಬ ಬಿಳಿಯ ಹಣವಂತ ತಂಡವನ್ನು ವಹಿಸಿಕೊಂಡ. ವೆಸ್ಟ್ ಇಂಡೀಸಿನ ಸೇಂಟ್ ಕ್ರೋಯಿ ದ್ವೀಪದಲ್ಲಿ ಹುಟ್ಟಿದ ಎಸ್. ಕೆ. ಗವರ್ನ್ ವ್ಯವಸ್ಥಾಪಕ. ಸೋಲ್ ವೈಟ್ ಕೊಡುವ ಲೆಕ್ಕದ ಪ್ರಕಾರ ಚೆಂಡೆಸೆಯುವ ಪಿಚರ್‌ಗೂ ಹಿಡಿಯುವ ಕ್ಯಾಚರ್‌ಗೂ ವಾರಕ್ಕೆ 18 ಡಾಲರ್, ಒಳಮೈದಾನದವರಿಗೆ 15, ಹೊರಮೈದಾನದವರಿಗೆ 12, ಮೇಲೆ ಖರ್ಚುವೆಚ್ಚ. ನಿಂತ ಜಾಗಕ್ಕೆ ತಕ್ಕ ಸಂಬಳ! ನಮ್ಮ ಕ್ರಿಕೆಟ್ಟಿನಲ್ಲಿ ಹೀಗಿದ್ದಿದ್ದರೆ ಬೌಂಡರಿ ಗೆರೆಯ ಬಳಿ ನಿಲ್ಲಲು ಯಾರು ಒಪ್ಪುತ್ತಿದ್ದರು?

1887 ಬಂತು. ಹಿಂದಿನ ವರ್ಷ ಈ ತಂಡದ ಪರವಾಗಿಯೂ ಚೆಂಡೆಸೆದಿದ್ದ ಕಪ್ಪು ಆಟಗಾರ ಜಾರ್ಜ್ ಸ್ಟೋವಿ ಆಗ ಬಿಳಿಯರೇ ಹೆಚ್ಚಾಗಿದ್ದ ಇಂಟರ್‌ನ್ಯಾಷನಲ್ ಲೀಗಿನ ನ್ಯೂಆರ್ಕ್ ತಂಡದಲ್ಲಿದ್ದ. ಅದೇ ಜುಲೈನಲ್ಲಿ ಆ ಲೀಗು, ಕಪ್ಪು ಆಟಗಾರರೊಡನೆ ಇನ್ನು ಮುಂದೆ ಹೊಸ ಒಪ್ಪಂದ ಮಾಡಿಕೊಳ್ಳುವುದಿಲ್ಲವೆಂದು ನಿರ್ಣಯಿಸಿತು. ಸೆಪ್ಟೆಂಬರಿನಲ್ಲಿ ಕ್ಯೂಬನ್ ಜೈಂಟ್ಸ್ ಜೊತೆ ಪ್ರದರ್ಶನ ಪಂದ್ಯಕ್ಕೆ ಒಪ್ಪಿದ್ದ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಎಂಟು ಆಟಗಾರರು, ಕಪ್ಪು ಜನರ ವಿರುದ್ಧ ತಾವು ಆಡುವುದಿಲ್ಲವೆಂದು ಹಿಂದಿನ ರಾತ್ರಿ ತಮ್ಮ ಮಾಲೀಕನಿಗೆ ಸಹಿ ಮಾಡಿದ ಪತ್ರ ಕೊಟ್ಟರು. ಆಟಗಾರರಿಗೆ ಗಾಯವಾಗಿದೆಯೆಂಬ ನೆಪದಲ್ಲಿ ಪಂದ್ಯ ರದ್ದಾಯಿತು. ಪತ್ರ ಮಾತ್ರ ಪತ್ರಿಕೆಗಳಲ್ಲಿ ಅಚ್ಚಾಗಿ, ನೆಪದ ಬಣ್ಣ ಬಯಲಾಯಿತು.

ತಂಡ ಅಲ್ಲಿಗೆ ಮುಗಿಯಲಿಲ್ಲ. 1889ರಲ್ಲಿ ಟ್ರೆಂಟನ್ ಹೆಸರಿನಲ್ಲಿ, 1891ರಲ್ಲಿ ಕನೆಕ್ಟಿಕಟ್ಟಿನ ಅನ್ಸೋನಿಯಾ ಹೆಸರಿನಲ್ಲಿ, ಬಿಳಿಯರ ಲೀಗುಗಳೊಳಗೆ ಇಡೀ ತಂಡವಾಗಿಯೇ ಆಡಿತು. 1896ರಲ್ಲಿ ಹಲವರು ಆಗಿನ ಮಾಲೀಕ ಜಾನ್ ಬ್ರೈಟ್‌ನನ್ನು ಬಿಟ್ಟುಹೋಗಿ ತಮ್ಮನ್ನು 'ಕ್ಯೂಬನ್ ಎಕ್ಸ್-ಜೈಂಟ್ಸ್', ಅಂದರೆ ಮಾಜಿ ಜೈಂಟ್ಸ್, ಎಂದು ಕರೆದುಕೊಂಡರು. ಬ್ರೈಟ್ ಸುಮ್ಮನಿರಲಿಲ್ಲ. ತನ್ನಲ್ಲಿ ಉಳಿದವರಿಗೆ ಆತ ಇಟ್ಟ ಹೆಸರು 'ಅಸಲಿ ಕ್ಯೂಬನ್ ಜೈಂಟ್ಸ್'.

ನಿನ್ನ,
ಹಳೆಯ ಗೆಳೆಯ