ನೌಕಾಪಡೆ ದಿನದ ಮಾತುಕತೆ: ಗುಂಪಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ,

ಡಿಸೆಂಬರ್ 4ರ ರಾತ್ರಿ 8ಕ್ಕೆ ಗುಂಪಿನ ವಿಡಿಯೋ ಕಾಲ್ ಇದೆ. ವಿಷಯ ನಮ್ಮ ನೌಕಾಪಡೆಯ ಇತಿಹಾಸ, ಸಂಪ್ರದಾಯ.

ಮೊದಲು 1971ರ ಪಾಕಿಸ್ತಾನ ಯುದ್ಧದಲ್ಲಿ ನಮ್ಮ ನೌಕಾಪಡೆ ನಡೆಸಿದ ಕರಾಚಿ ದಾಳಿ. ನಿರ್ಘಾತ್, ನಿಪಾತ್, ವೀರ್ ಚಿಕ್ಕ ಕ್ಷಿಪಣಿ ದೋಣಿಗಳು, ದೂರ ಓಡುವಷ್ಟು ಇಂಧನ ಹಿಡಿಸುತ್ತಿರಲಿಲ್ಲ. ಹಾಗಾಗಿ ಸ್ವಲ್ಪ ದೂರ ಬೇರೆ ಹಡಗುಗಳಿಗೆ ಕಟ್ಟಿ ಎಳೆದುಕೊಂಡೇ ಹೋದರು! ಇದಕ್ಕೇ ಜಾಸ್ತಿ ಸಮಯ ಇಟ್ಟಿದ್ದೇವೆ. ಆಮೇಲೆ ಧ್ವಜದ ಕಥೆ: 2022ರ ಸೆಪ್ಟೆಂಬರ್ 2ರಂದು ನೌಕಾಪಡೆಯ ಧ್ವಜದಿಂದ ಬ್ರಿಟಿಷರ ಕಾಲದ ಕೆಂಪು ಸೇಂಟ್ ಜಾರ್ಜ್ ಶಿಲುಬೆ ಹೋಗಿ, ಶಿವಾಜಿ ಮುದ್ರೆಯಿಂದ ಪ್ರೇರಿತವಾದ ಎಂಟು ಮೂಲೆಯ ಲಾಂಛನ ಬಂತು.

ಬರುವವರು 2ನೇ ತಾರೀಖಿನೊಳಗೆ ಇಲ್ಲೇ ಹೆಸರು ಹಾಕಿ. ಮಾತಾಡುವವರು ವಿಷಯವನ್ನೂ ತಿಳಿಸಿ, ತಲಾ ಐದೇ ನಿಮಿಷ. ಮೂಲ ಗೊತ್ತಿಲ್ಲದ ಫಾರ್ವರ್ಡ್‌ಗಳನ್ನು ಸುಮ್ನೆ ಹಾಕಬೇಡಿ. ನೌಕಾಪಡೆಯಲ್ಲಿ ಕೆಲಸ ಮಾಡಿದವರು ಗುಂಪಿನಲ್ಲಿದ್ದೀರಿ ಅಲ್ವಾ? ದಯವಿಟ್ಟು ನೀವು ತಪ್ಪಿಸಬೇಡಿ.