ಪತ್ರಿಕೆಯನ್ನು ಕಾಪಾಡಿ ಕೊಟ್ಟವರಿಗೆ

ಕಳೆದ ಭಾನುವಾರ ನಮ್ಮ ಊರಿನ ವಾಚನಾಲಯದಲ್ಲಿ 'ಲಂಕೇಶ್ ಪತ್ರಿಕೆ'ಯ ಹಳೆಯ ಸಂಚಿಕೆಗಳು ಬೈಂಡಾಗಿ ಓದುಗರ ಕೈಗೆ ಬಂದವು. 1980ರ ಜುಲೈಯಲ್ಲಿ ಹೊರಟ ಮೊದಲ ಸಂಚಿಕೆಯಿಂದ 2000ದ ಜನವರಿಯಲ್ಲಿ ಅದರ ಸಂಪಾದಕ ಪಿ. ಲಂಕೇಶ್ ತೀರಿಕೊಂಡವರೆಗಿನ ಪತ್ರಿಕೆ, ಅಲ್ಲಲ್ಲಿ ಕೆಲವು ವಾರಗಳು ಬಿಟ್ಟುಹೋಗಿದ್ದರೂ, ಈಗ ಒಂದೇ ಬೀರುವಿನಲ್ಲಿದೆ. ಸಮಾರಂಭದ ದಿನ ಹಾರವನ್ನು ನನ್ನ ಕೊರಳಿಗೆ ಹಾಕಿದರು. ಆ ಹಾರ ಸಲ್ಲಬೇಕಾದವರು ಹಲವು ಊರುಗಳಲ್ಲಿ ಹಂಚಿಹೋಗಿದ್ದಾರೆ. ಹೆಸರು ಬರೆಯಬೇಡಿ ಎಂದು ಅವರಲ್ಲಿ ಹೆಚ್ಚಿನವರು ಕೇಳಿಕೊಂಡಿದ್ದರಿಂದ ಹೆಸರಿಲ್ಲದೆಯೇ ಅವರನ್ನು ನೆನೆಯುತ್ತಿದ್ದೇನೆ.

ಮೊದಲ ವಂದನೆ ಆ ಕಾಲದಲ್ಲಿ ವಾರವಾರವೂ ದುಡ್ಡು ಕೊಟ್ಟು ಪತ್ರಿಕೆ ಕೊಂಡವರಿಗೆ. ಲಂಕೇಶರು ಜಾಹೀರಾತು ತೆಗೆದುಕೊಳ್ಳಲಿಲ್ಲ. ಸರ್ಕಾರದ್ದೂ ಬೇಡ, ಕಂಪನಿಗಳದ್ದೂ ಬೇಡ ಎಂದು ಹಟ ಹಿಡಿದರು. ಕಾಗದ, ಮಸಿ, ಅಚ್ಚು, ಸಾಗಣೆ, ಬರೆದವರ ಸಂಭಾವನೆ ಎಲ್ಲವೂ ಮಾರಾಟದ ಹಣದಿಂದಲೇ ಹುಟ್ಟಬೇಕಿತ್ತು. ಜಾಹೀರಾತು ನಂಬಿದ ಪತ್ರಿಕೆಗೆ ಓದುಗ ಕೈಕೊಟ್ಟರೂ ಒಂದಷ್ಟು ದಿನ ನಡೆಯುತ್ತದೆ, ಇದಕ್ಕೆ ಆ ಆಸರೆ ಇರಲಿಲ್ಲ. ಆದ್ದರಿಂದಲೇ ಮುಖ್ಯಮಂತ್ರಿಯ ಬಗ್ಗೆ ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಇಂಗ್ಲಿಷ್ ಮೇಷ್ಟರ ಕೆಲಸ ಬಿಟ್ಟು, ಕವಿತೆ, ನಾಟಕ, ಸಿನಿಮಾಗಳನ್ನು ದಾಟಿ, ನಲವತ್ತೈದರ ವಯಸ್ಸಿನಲ್ಲಿ ಒಬ್ಬ ಲೇಖಕ ಇಂಥ ಸಾಹಸಕ್ಕೆ ಕೈಹಾಕಿದರು. ನಾಡಿನ ಗುಮಾಸ್ತರು, ವಿದ್ಯಾರ್ಥಿಗಳು, ರೈತರು, ಹೋಟೆಲ್ ಮಾಣಿಗಳು ಅದನ್ನು ಇಪ್ಪತ್ತು ವರ್ಷ ಸಾಕಿದರು. ಒಂದು ಪ್ರತಿಯನ್ನು ಹತ್ತು ಜನ ಓದುತ್ತಿದ್ದರು ಎಂಬುದನ್ನು ಈ ಸಂಚಿಕೆಗಳೇ ಹೇಳುತ್ತವೆ: ಮಡಿಕೆಯಲ್ಲಿ ಹರಿದಿವೆ, ಚಹಾದ ಲೋಟದ ಕಲೆಗಳಿವೆ, ಒಂದೇ ಪುಟದ ಅಂಚಿನಲ್ಲಿ ಬೇರೆ ಬೇರೆ ಕೈಬರಹದ ಟಿಪ್ಪಣಿಗಳಿವೆ.

ನವಲಗುಂದದ ಕಡೆಯ ಒಂದು ರೈತ ಕುಟುಂಬ ಟ್ರಂಕಿನಲ್ಲಿಟ್ಟಿದ್ದ ಕಟ್ಟನ್ನು ಕಳಿಸಿತು. ಪತ್ರಿಕೆ ಹುಟ್ಟಿದ ತಿಂಗಳಲ್ಲೇ, 1980ರ ಜುಲೈ 21ರಂದು, ನರಗುಂದ ಮತ್ತು ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ಎದ್ದುನಿಂತಿದ್ದರು. ಅಲ್ಲಿಂದ ಹೊತ್ತಿಕೊಂಡದ್ದೇ ಮುಂದೆ ರಾಜ್ಯ ರೈತ ಸಂಘವಾಯಿತು. ದಲಿತ ಸಂಘರ್ಷ ಸಮಿತಿ ಆಗಲೇ ಊರೂರಿಗೆ ಹಬ್ಬುತ್ತಿತ್ತು. 1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿ ಬೀದಿಗಿಳಿಯಿತು. ಈ ಮೂರೂ ಕಾವುಗಳ ನಡುವೆ ಕಪ್ಪುಬಿಳುಪಿನ ಒಂದು ಟ್ಯಾಬ್ಲಾಯ್ಡ್ ಮುಖ್ಯಮಂತ್ರಿ ಗುಂಡೂರಾಯರ ಕಾಂಗ್ರೆಸ್ ಸರ್ಕಾರವನ್ನು ವಾರವಾರವೂ ಪ್ರಶ್ನಿಸುತ್ತ ಹೋಯಿತು. 1983ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಅದನ್ನು ಪತ್ರಿಕೆಯೇ ತಂದಿತು ಎಂದು ಹಲವರು ಹೇಳಿದರು, ಇಂದಿಗೂ ಹೇಳುತ್ತಾರೆ. ಅಷ್ಟು ದೂರ ನಾನು ಹೋಗಲಾರೆ. ಗುಂಡೇಟು ತಿಂದ ರೈತರನ್ನು ಮರೆತು ಆ ಕೀರ್ತಿಯನ್ನು ಒಂದು ಪತ್ರಿಕೆಗೆ ಕಟ್ಟುವುದು ಅನ್ಯಾಯ. ಆದರೆ ಅಧಿಕಾರದಲ್ಲಿರುವವರನ್ನು ಏಕವಚನದಲ್ಲಿ ಪ್ರಶ್ನಿಸಬಹುದು ಎಂಬ ಧೈರ್ಯ ಹಳ್ಳಿಯ ಕಟ್ಟೆಗಳವರೆಗೆ ಇಳಿದದ್ದರಲ್ಲಿ ಅದರ ಪಾಲು ದೊಡ್ಡದು. ಹೊಸ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದ ಮೇಲೆ ಆ ಪ್ರಶ್ನೆಗಳು ಅವರ ಕಡೆಗೂ ತಿರುಗಿದವು ಎಂಬುದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಪತ್ರಿಕೆಯ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ವ್ಯಕ್ತಿಗಳಿಗೆ ಇಟ್ಟ ಅಡ್ಡಹೆಸರುಗಳು, ಕೆಲವು ವರದಿಗಳ ಒರಟುತನ ಈಗ ಓದುವಾಗ ಮನಸ್ಸಿಗೆ ಮುಳ್ಳಾಗುತ್ತವೆ. ಅದರ ಆಕಾರವನ್ನೂ ಒರಟುತನವನ್ನೂ ಮಾತ್ರ ಕಲಿತ ವಾರಪತ್ರಿಕೆಗಳು ಆಮೇಲೆ ಎಷ್ಟೋ ಬಂದವು. ಆದರೆ ಅದೇ ಸಂಚಿಕೆಯ ಇನ್ನೊಂದು ಪುಟದಲ್ಲಿ ಲಂಕೇಶರ ಅಂಕಣ 'ಟೀಕೆ ಟಿಪ್ಪಣಿ'ಯ ಗದ್ಯವಿದೆ, ನಾಲ್ಕೈದು ಸಾಲುಗಳ 'ನೀಲು' ಪದ್ಯವಿದೆ. ರಾಜಕೀಯದ ಪಕ್ಕದಲ್ಲೇ ಪ್ರೇಮವನ್ನೂ ಮಳೆಯನ್ನೂ ಅಚ್ಚುಮಾಡಿದ ಆ ಧಾರಾಳತನವನ್ನು ನಕಲು ಮಾಡುವುದು ಸುಲಭವಾಗಿರಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಕರಾವಳಿಯ ಹಿರಿಯ ತಾಯಿಯೊಬ್ಬರು ಕೊಟ್ಟ ಕಟ್ಟು. ಅದರಲ್ಲಿ ಇಡೀ ಸಂಚಿಕೆಗಳಿಲ್ಲ. 1981ರಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅದರ ಪುಟಗಳನ್ನಷ್ಟೇ ಬಿಡಿಸಿ, ಸೂಜಿದಾರದಿಂದ ಹೊಲಿದು, ಅವರು ಸೀರೆಗಳ ನಡುವೆ ಇಟ್ಟುಕೊಂಡಿದ್ದರು. ತಲಾಖ್ ಆದ ನಾದಿರಾ ತನ್ನ ಗಂಡನನ್ನೇ ಮತ್ತೆ ಸೇರಬೇಕಾದರೆ ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆಯ ಕಥೆ ಅದು. ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ನೆಲೆಸಿ, ಮನೆವಾರ್ತೆ ನೋಡಿಕೊಂಡಿದ್ದ ಮಹಿಳೆ ನಡುವಯಸ್ಸಿನಲ್ಲಿ ಬರೆದದ್ದನ್ನು ಬೆಂಗಳೂರಿನ ಸಂಪಾದಕರೊಬ್ಬರು ನಂಬಿ ವಾರವಾರ ಅಚ್ಚು ಮಾಡಿದರು. ಕನ್ನಡ ಓದಲು ಬಾರದ, ಮನೆಯಲ್ಲಿ ಬ್ಯಾರಿ ಮಾತನಾಡುವ ನೆರೆಯ ಹೆಂಗಸರಿಗೆ ಈ ತಾಯಿ ಮಧ್ಯಾಹ್ನಗಳಲ್ಲಿ ಅದನ್ನು ಓದಿ ಅರ್ಥ ಹೇಳುತ್ತಿದ್ದರಂತೆ. ಮುಂದಿನ ವಾರ ಪತ್ರಿಕೆ ಒಂದು ದಿನ ತಡವಾದರೂ ಅವರೆಲ್ಲ ಬಾಗಿಲಿಗೆ ಬಂದು ವಿಚಾರಿಸುತ್ತಿದ್ದರಂತೆ. ಪತ್ರಿಕೆಯೊಂದರ ಪರಿಣಾಮವೆಂದರೆ ಸರ್ಕಾರ ಬೀಳಿಸುವುದು ಎಂದುಕೊಂಡವರಿಗೆ ನಾನು ಈ ಹೊಲಿದ ಪುಟಗಳನ್ನು ತೋರಿಸುತ್ತೇನೆ. ಅಮ್ಮಾ, ನಿಮ್ಮ ಕೈಹೊಲಿಗೆಯನ್ನು ಬಿಚ್ಚಿಲ್ಲ. ಹಾಗೆಯೇ ಒಂದು ಪೆಟ್ಟಿಗೆಯಲ್ಲಿಟ್ಟಿದ್ದೇವೆ.

ಅದೇ ದಶಕದಲ್ಲಿ ಹಾಸನದಿಂದ ಬಾನು ಮುಷ್ತಾಕ್ ಪತ್ರಿಕೆಯ ವರದಿಗಾರ್ತಿಯಾಗಿದ್ದರು. 2025ರಲ್ಲಿ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲೆ ಹಳೆಯ ಸಂಚಿಕೆಗಳನ್ನು ಕೇಳಿಕೊಂಡು ಬರುವ ಕಾಲೇಜು ಹುಡುಗಿಯರ ಸಂಖ್ಯೆ ನಮ್ಮಲ್ಲಿ ಹೆಚ್ಚಿತು. ಈ ಕೆಲಸವನ್ನು ಇನ್ನು ಮುಂದೂಡಬಾರದು ಎಂದು ನಾವು ಗಟ್ಟಿ ಮನಸ್ಸು ಮಾಡಿದ್ದು ಅವರಿಂದಾಗಿ. ಆ ಹುಡುಗಿಯರಿಗೂ ಋಣಿ.

ರದ್ದಿ ಅಂಗಡಿಯ ಯಜಮಾನರ ಉಪಕಾರವನ್ನು ಹೇಗೆ ತೀರಿಸುವುದೋ ತಿಳಿಯದು. ತೂಕಕ್ಕೆ ಬಂದ ರಾಶಿಯಲ್ಲಿ ಪತ್ರಿಕೆಯ ಹೆಸರು ಕಂಡರೆ ಪಕ್ಕಕ್ಕೆ ಎತ್ತಿಡುತ್ತಿದ್ದರು, ದುಡ್ಡು ಕೇಳಲಿಲ್ಲ. ಬೈಂಡಿಂಗ್ ಮಾಡಿದವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ, ಹುಳ ಬೀಳದಂತೆ ನೋಡಿಕೊಂಡರು. ನ್ಯೂಸ್‌ಪ್ರಿಂಟ್ ಅಗ್ಗದ ಕಾಗದ, ಗಾಳಿ ಬೆಳಕಿಗೆ ಹಳದಿಯಾಗಿ, ಹಪ್ಪಳದಂತೆ ಮುರಿಯುತ್ತದೆ. ಎಷ್ಟೋ ಪುಟಗಳ ಮೂಲೆಗಳಿಗೆ ಅವರು ತೆಳುಕಾಗದ ಹಚ್ಚಿ, ಒಂದಕ್ಷರವೂ ಹೋಗದಂತೆ ಉಳಿಸಿದ್ದಾರೆ. ಹಳೆಯ ಏಜೆಂಟರು ತಮ್ಮ ಬಾಕಿ ಲೆಕ್ಕದ ಪುಸ್ತಕವನ್ನೇ ತಂದುಕೊಟ್ಟದ್ದರಿಂದ ಯಾವ ಮನೆಗಳಲ್ಲಿ ಹುಡುಕಬೇಕೆಂದು ತಿಳಿಯಿತು.

ಗೌರಿ ಲಂಕೇಶ್ ಅವರನ್ನು ನೆನೆಯದೆ ಈ ಬರಹ ಮುಗಿಸಲಾರೆ. ತಂದೆ ಹೋದ ಮೇಲೆ ದೆಹಲಿಯ ಕೆಲಸವನ್ನು ಬಿಟ್ಟು ಬಂದು, ಕನ್ನಡದಲ್ಲಿ ಬರೆಯುವುದನ್ನು ರೂಢಿಸಿಕೊಂಡು ಸಂಪಾದಕಿಯಾದರು. 2005ರಲ್ಲಿ ತಮ್ಮದೇ ಪತ್ರಿಕೆ ತೆರೆದು, ಅದರಲ್ಲೂ ಜಾಹೀರಾತಿಲ್ಲದ ವ್ರತವನ್ನು ಮುಂದುವರಿಸಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಅವರ ಪತ್ರಿಕೆಯ ಸಂಚಿಕೆಗಳನ್ನೂ ಸಂಗ್ರಹಿಸಲು ತೊಡಗಿದ್ದೇವೆ. ಮೊದಲ ಕಟ್ಟು ಶಿವಮೊಗ್ಗದ ಓದುಗರೊಬ್ಬರಿಂದ ಈಗಾಗಲೇ ಬಂದಿದೆ. ಅವರಿಗೂ ನಮಸ್ಕಾರ.

ಸೋಮವಾರ ಬಿಟ್ಟು ಉಳಿದ ದಿನ ಸಂಜೆ ವಾಚನಾಲಯ ತೆರೆದಿರುತ್ತದೆ. ಸಂಪುಟಗಳನ್ನು ಅಲ್ಲಿಯೇ ಕುಳಿತು ಓದಬೇಕು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬಹುದು. ತೊಂಬತ್ತರ ದಶಕದ ನಡುವಿನ ಸಂಚಿಕೆಗಳೇ ಹೆಚ್ಚು ಕೊರತೆ. ನಿಮ್ಮ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯ ತಳಕ್ಕೆ ಹಾಸಿದ ಕಾಗದದಲ್ಲಿ ಒಂದೇ ಒಂದು ಹಾಳೆ ಸಿಕ್ಕರೂ ದಯವಿಟ್ಟು ಎಸೆಯದೆ ತಿಳಿಸಿ. ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.