ಮಗಳಿಗೊಂದು ಪತ್ರ: ನಲ್ಲಿ ಇಲ್ಲದ ಮನೆ

ಮಂಡ್ಯ
ಗುರುವಾರ ರಾತ್ರಿ

ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ದುಬೈಗೆ ನಿನ್ನ ವಿಮಾನ. ಅಷ್ಟರೊಳಗೆ ಕೈಗೆ ಸಿಗಲಿ ಅಂತ ಈ ಕಾಗದವನ್ನು ನಾಳೆ ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೊರಟಿರುವ ನಿನ್ನ ಚಿಕ್ಕಪ್ಪನ ಮಗನ ಕೈಲಿ ಕಳಿಸುತ್ತಿದ್ದೇನೆ. ವಾಟ್ಸಾಪಲ್ಲಿ ಬರೆಯೋಣ ಅಂತ ಎರಡು ಸಲ ಶುರು ಮಾಡಿ ಅಳಿಸಿದೆ. ನೀಲಿ ಗೆರೆ ಬಿದ್ದ ಮೇಲೂ ನೀನು ಸುಮ್ಮನಿದ್ದರೆ ನನಗೆ ನಿದ್ದೆ ಬರಲ್ಲ. ಕಾಗದಕ್ಕೆ ಆ ಕಾಟ ಇಲ್ಲ.

ಸಂಕ್ರಾಂತಿ ದಿನ ಸಿರಿವಂತರ ತೆರಿಗೆ ವಿಷಯಕ್ಕೆ ಜಗಳವಾಡಿದೆವಲ್ಲ, ಅವರು ಆಗಲೇ ಸಾಕಷ್ಟು ಕಟ್ಟುತ್ತಿದ್ದಾರೆ ಅಂತ ನೀನು, ಇಲ್ಲ ಅಂತ ನಾನು. ಅವತ್ತು ಆಡಿದ ಮಾತನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಅಂತಾರೆ. ನಾವು ಬಟ್ಟಲು ಖಾಲಿ ಮಾಡಿದ ಮೇಲೆಯೇ ಶುರು ಹಚ್ಚಿಕೊಂಡೆವು. ಬೀದಿಯಲ್ಲಿ ಹಸುಗಳಿಗೆ ಕಿಚ್ಚು ಹಾಯಿಸುತ್ತಿದ್ದರು, ಒಳಗೆ ನಾವಿಬ್ಬರು. ನಾನು ಆಡಿದ ಆ ಒಂದು ಪದವನ್ನು ವಾಪಸ್ ತಗೊಂಡಿದ್ದೇನೆ. ನಿಮ್ಮಮ್ಮ ಹೇಳಿದಳು ಅಂತಲ್ಲ. ಸರಿ, ಮೊದಲು ಅವಳೇ ಹೇಳಿದ್ದು, ಆಮೇಲೆ ನನಗೂ ಅನ್ನಿಸಿತು.

ಬಾಗಿಲು ದಾಟುವಾಗ ನೀನು ನಮ್ಮ ಸೈಟಿನ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಧೈರ್ಯ ಬರಲಿ, ಸ್ವಲ್ಪ ತಾಳು.

ನಿನಗೆ ಹಪ್ಪಳದ ಅಜ್ಜಿ ನೆನಪಿದ್ದಾಳಾ? 2004ರ ಮಾರ್ಚ್. ನೀನು ಮೂರನೇ ಕ್ಲಾಸು. ಅವತ್ತು ಶನಿವಾರ, ನಿನಗೆ ಬೆಳಗಿನ ಶಾಲೆ. ಅಮ್ಮ ತವರಿಗೆ ಹೋಗಿದ್ದಳು. ನಿನ್ನನ್ನು ಟಿವಿಎಸ್ ಮುಂದೆ ನಿಲ್ಲಿಸಿಕೊಂಡು ವಸೂಲಿಗೆ ಹೊರಟೆ. ಬಿಲ್ ಕಲೆಕ್ಟರ್ ಅಂದರೆ ಮಾರ್ಚ್ ತಿಂಗಳಲ್ಲಿ ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ. 31ರ ಒಳಗೆ ಇಷ್ಟು ವಸೂಲಾಗಬೇಕು ಅಂತ ಪುರಸಭೆಯಲ್ಲಿ ಟಾರ್ಗೆಟ್ ಹಾಕಿರುತ್ತಾರೆ. ಬಾಕಿ ವಹಿ ಕಂಕುಳಲ್ಲಿ, ಕಾರ್ಬನ್ ಇಟ್ಟ ರಸೀದಿ ಪುಸ್ತಕ ಚೀಲದಲ್ಲಿ, ಜೊತೆಗೆ ಬಾಕಿ ಕಟ್ಟದವರ ನಲ್ಲಿ ಬಿಚ್ಚಲು ಸ್ಪ್ಯಾನರ್ ಹಿಡಿದ ನೀರುಗಂಟಿ.

ಅಜ್ಜಿಯ ಬಾಕಿ 412 ರೂಪಾಯಿ. ನೀರಿನದು 300, ಉಳಿದದ್ದು ಮನೆ ಕಂದಾಯ. ನೀರುಗಂಟಿ ನಲ್ಲಿ ಹತ್ತಿರ ಕೂತದ್ದೇ ತಡ, ಅಜ್ಜಿ ಒಳಗಿಂದ ಎಲೆಯಡಿಕೆ ಸಂಚಿ ತಂದಳು. ಜಗಲಿ ಮೇಲೆ ಹಪ್ಪಳ ಒಣಗಿಸಿದ್ದ ಸೀರೆಯ ಒಂದು ಮೂಲೆ ಮಡಿಸಿ, ಅಲ್ಲೇ ನೋಟು ಚಿಲ್ಲರೆ ಸುರಿದು ಎಣಿಸಿದಳು. ಮೂರು ಸಲ ಎಣಿಸಿದಳು. ಮೂರು ಸಲವೂ 380. ಇನ್ನು 32 ರೂಪಾಯಿಗೆ ಪಕ್ಕದ ಮನೆಗೆ ಹೋದಳು, ಅಲ್ಲಿ ಇಲ್ಲ ಅಂದರು, ಎದುರು ಮನೆಗೆ ಹೋದಳು. ನಾನು ಕಾಯುತ್ತಾ ನಿಂತಿದ್ದೆ. ನನ್ನ ಜೇಬಲ್ಲಿ ನೂರರ ನೋಟು ಇತ್ತು ಪುಟ್ಟಿ.

ರಸೀದಿ ಬರೆದೆ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಣ್ಣ ಸಣ್ಣ ಬಾಬ್ತು ಸೇರಿರುತ್ತವೆ. ಅಕ್ಷರ ಬಾರದ ಅಜ್ಜಿ ಗ್ರಂಥಾಲಯಕ್ಕೆ ಕೊಟ್ಟಳು. 32 ರೂಪಾಯಿ ಸಾಲ ಬೇಡಿ ತಂದವಳು ಭಿಕ್ಷುಕರಿಗೂ ಕೊಟ್ಟಳು. ಕಾರ್ಬನ್ ಮೇಲೆ ಒತ್ತಿ ಬರೆಯುವಾಗ ನನಗೇನೂ ಅನ್ನಿಸಲಿಲ್ಲ, ಅದೇ ಈಗ ನನ್ನನ್ನು ಕಾಡುವುದು. ಹೊರಡುವಾಗ ನಿನ್ನ ಕೈಗೆ ಅರ್ಧ ಒಣಗಿದ ಎರಡು ಹಪ್ಪಳ ಇಟ್ಟಳು. ನೀನು ಹಸಿಯಾಗಿಯೇ ತಿಂದೆ.

ಅದೇ ಬೀದಿಯ ಕೊನೆಯಲ್ಲಿ ಛತ್ರ. ಹೆಸರು ಬೇಡ, ಅವರ ಮಕ್ಕಳು ಈಗಲೂ ಇದ್ದಾರೆ. ಆಗ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಬಂದಿತ್ತು. ಮಾಲೀಕನೇ ಫಾರಂ ತುಂಬಿ, ನನ್ನದು ಇಂಥ ಕಟ್ಟಡ, ಇಷ್ಟು ಚದರ ಅಂತ ಬರೆದುಕೊಡುವುದು. ಇವರು ಇಡೀ ಛತ್ರವನ್ನು ವಾಸದ ಮನೆ ಅಂತ ಬರೆದಿದ್ದರು. ಫಾರಂ ತುಂಬಿದ್ದು ಆಡಿಟರ್, ಕೈಬರಹ ಮುತ್ತಿನ ಹಾಗಿತ್ತು. ನಾವು ವ್ಯತ್ಯಾಸ ಹಾಕಿ ನೋಟಿಸು ಕೊಟ್ಟರೆ ಕೋರ್ಟಿಂದ ಸ್ಟೇ ತಂದರು. ಬಾಕಿ 1,86,000. ಅವತ್ತು ನನಗೆ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ನಿನಗೆ ಬಾದಾಮಿ ಹಾಲೋ ಹಾರ್ಲಿಕ್ಸೋ, ಮರೆತಿದೆ. "ಕೇಸು ಮುಗೀಲಿ, ಒಂದು ಪೈಸೆ ಇಟ್ಕೊಳಲ್ಲ" ಅಂದರು. ಕುಡಿದು ಎದ್ದು ಬಂದೆ.

ದಾರಿಯಲ್ಲಿ ನೀನು ಕೇಳಿದೆ, "ಅಪ್ಪ, ಇವರ ನಲ್ಲಿ ಯಾಕೆ ಬಿಚ್ಚಲ್ಲ?" ನಾನು "ಸುಮ್ನಿರು" ಅಂದೆ. ನಿಜವಾದ ಉತ್ತರ ಏನು ಗೊತ್ತಾ? ಅವರಿಗೆ ನಲ್ಲಿಯೇ ಇರಲಿಲ್ಲ. ಬೋರ್‌ವೆಲ್ ಇತ್ತು. ನಮ್ಮ ನೀರುಗಂಟಿಯ ಸ್ಪ್ಯಾನರಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಇದನ್ನು ಯಾಕೆ ಇಷ್ಟು ಉದ್ದ ಎಳೆಯುತ್ತಿದ್ದೇನೆ ಅಂತ ನಿನಗೆ ಸಿಟ್ಟು ಬರುತ್ತಿರಬೇಕು. ನೀನು ಊಟದ ಹೊತ್ತಲ್ಲಿ ಅಂಕಿ ಅಂಶ ಒಪ್ಪಿಸಿದೆ. ನನ್ನ ಹತ್ತಿರ ಇದ್ದ ಅಂಕಿ ಅಂದರೆ ಆ 380. ಅದನ್ನು ಹೇಳಲು ಬಾರದೆ ಬಾಯಿಗೆ ಬಂದದ್ದು ಅಂದುಬಿಟ್ಟೆ.

ನಿನ್ನ ಅಂಕಿಗಳನ್ನು ಆಮೇಲೆ ಪರೀಕ್ಷೆ ಮಾಡಿದೆ. ಮೂರು ದಿನ ಲೈಬ್ರರಿಗೆ ಹೋಗಿ ಕೂತಿದ್ದೆ, ಪಕ್ಕದ ಮನೆ ಹುಡುಗನ ಲ್ಯಾಪ್‌ಟಾಪನ್ನೂ ಬಿಡಲಿಲ್ಲ. ನೀನು ಹೇಳಿದ್ದು ಸರಿ ಇತ್ತು. ಸಂಪತ್ತಿನ ತೆರಿಗೆಯಿಂದ 2013-14ರಲ್ಲಿ ಇಡೀ ದೇಶಕ್ಕೆ ಬಂದದ್ದು 1,008 ಕೋಟಿ. ಆಗಿನ ಹಣಕಾಸು ಮಂತ್ರಿ ಅರುಣ್ ಜೇಟ್ಲಿ 2015ರ ಬಜೆಟ್‌ನಲ್ಲಿ ಅದನ್ನು ತೆಗೆದು, ಕೋಟಿ ಮೇಲೆ ಆದಾಯ ಇರುವವರಿಗೆ ಶೇ 2 ಹೆಚ್ಚುವರಿ ಸರ್‌ಚಾರ್ಜ್ ಹಾಕಿದರು. ಅದರಿಂದ ಸುಮಾರು 9,000 ಕೋಟಿ ಬರುತ್ತದೆ ಅಂದರು. 1973-74ರಲ್ಲಿ ಆದಾಯ ತೆರಿಗೆಯ ಅತಿ ಮೇಲಿನ ದರ ಶೇ 97.75 ಇದ್ದದ್ದೂ ನಿಜವೇ. ಆ ಮಟ್ಟದ ಮೇಲೆ ದುಡಿದ ನೂರು ರೂಪಾಯಿಯಲ್ಲಿ ಎರಡು ಕಾಲು ರೂಪಾಯಿ ಉಳಿಯುವುದಾದರೆ ಲೆಕ್ಕ ತೋರಿಸುವವನು ಹರಿಶ್ಚಂದ್ರನೇ ಆಗಿರಬೇಕು. ಆದಾಯ ತೆರಿಗೆಯ ದೊಡ್ಡ ಪಾಲು ಮೇಲಿನ ಕೆಲವೇ ಜನರಿಂದ ಬರುತ್ತದೆ ಅನ್ನುವುದನ್ನೂ ಒಪ್ಪಿದೆ. "ನಿನ್ನ ಪೆನ್ಶನ್ನಿಗೆ ಒಂದು ರೂಪಾಯಿ ತೆರಿಗೆ ಇಲ್ಲ ಅಪ್ಪ" ಅಂದೆಯಲ್ಲ, 12 ಲಕ್ಷದ ಒಳಗಿನವನು ನಾನು, ಹೌದು.

ಆದರೆ ನಾನೇನು ತೆರಿಗೆ ಕಟ್ಟದವನಾ? ಸೋಪಿಗೆ ನಾನೂ ಶೇ 18 ಜಿಎಸ್‌ಟಿ ಕಟ್ಟಿದೆ, ಛತ್ರದ ಯಜಮಾನರ ಮಗನೂ ಶೇ 18 ಕಟ್ಟಿದ. 2025ರ ಸೆಪ್ಟೆಂಬರ್ 22ರಿಂದ ಅದು 5 ಆಯಿತು, ಸಂತೋಷ. ಆಗಲೂ ನಮ್ಮಿಬ್ಬರಿಗೂ ಒಂದೇ ದರ. ಅಂಗಡಿಯಲ್ಲಿ ಯಾರೂ ನನ್ನನ್ನು ಪೆನ್ಶನ್ ಎಷ್ಟು ಅಂತ ಕೇಳಲ್ಲ.

ನನ್ನ ತಕರಾರು ದರದ ಮೇಲಲ್ಲ ಕಣಮ್ಮ. ಸಂಬಳದವನಿಗೆ ಕೈಗೆ ಬರುವ ಮೊದಲೇ ಟಿಡಿಎಸ್ ಕಟ್. 24 ಲಕ್ಷ ದಾಟಿದ ಭಾಗಕ್ಕೆ ಶೇ 30. ಅಷ್ಟೇ ದುಡ್ಡು ಒಂದು ವರ್ಷ ಮೇಲ್ಪಟ್ಟು ಇಟ್ಟುಕೊಂಡ ಷೇರು ಮಾರಿ ಬಂದರೆ, 1.25 ಲಕ್ಷ ಬಿಟ್ಟು ಉಳಿದ ಲಾಭಕ್ಕೆ ಶೇ 12.5. ಮಾರದೆ ಇಟ್ಟರೆ ಸೊನ್ನೆ. ಮಾರದೆಯೇ ಅಡ ಇಟ್ಟು ಸಾಲ ತಂದು ಮನೆ ಕಟ್ಟಿದರೂ ಸೊನ್ನೆ, ಸಾಲ ಆದಾಯ ಅಲ್ಲವಲ್ಲ. ಅಪ್ಪ ಬಿಟ್ಟು ಹೋದರೆ ಮಗನಿಗೆ ಬಂದ ಆಸ್ತಿಗೂ ಇಲ್ಲ. ಸತ್ತವರು ಬಿಟ್ಟು ಹೋದ ಆಸ್ತಿ ಮೇಲೆ 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ ಅನ್ನುವ ತೆರಿಗೆಯನ್ನು 1985ರಲ್ಲೇ ತೆಗೆದರು. ಎಲ್ಲವೂ ಕಾನೂನಿನ ಪ್ರಕಾರವೇ. ತನ್ನ ದುಡ್ಡಿಗೆ ಯಾವ ಹೆಸರು ಇಡಬೇಕು, ಯಾವಾಗ ಅದನ್ನು ಆದಾಯ ಅಂತ ಕರೆಯಬೇಕು ಅನ್ನುವುದು ಸಿರಿವಂತನ ಕೈಲಿದೆ. ಛತ್ರಕ್ಕೆ ವಾಸದ ಮನೆ ಅಂತ ಹೆಸರಿಟ್ಟ ಹಾಗೆ. ಅಜ್ಜಿಗೆ ಆ ಫಾರಂ ಯಾರೂ ಕೊಡಲಿಲ್ಲ.

ಅಮೆರಿಕದ ದೊಡ್ಡ ಸಿರಿವಂತ ವಾರೆನ್ ಬಫೆಟ್ 2011ರಲ್ಲಿ ತಾವೇ ಬರೆದುಕೊಂಡರು. ತಾನು ಕಟ್ಟಿದ್ದು ಶೇ 17.4, ತನ್ನ ಆಫೀಸಿನ ಉಳಿದ 20 ಜನ ಕಟ್ಟಿದ್ದು ಶೇ 33ರಿಂದ 41. ಕಳ್ಳತನ ಮಾಡಿದೆ ಅಂತ ಅವರು ಬರೆಯಲಿಲ್ಲ. ಲೆಕ್ಕ ಹಾಗೆ ಬರುತ್ತದೆ ಅಂತ ಬರೆದರು. ಪಾಪ, ಅದನ್ನು ಹೇಳಲೂ ಅವರಿಗೆ ಧೈರ್ಯ ಬೇಕಾಗಿತ್ತು.

ನಮ್ಮವರೇನು ಕಮ್ಮಿಯಾ? ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಎರಡೆಕರೆ ಕಬ್ಬಿನವನಿಗೆ ಅದು ಬೇಕೇ ಬೇಕು, ಕಾರ್ಖಾನೆ ದುಡ್ಡಿಗೆ ಅವನು ಕಾಯುವುದನ್ನು ನೋಡಿದವನು ನಾನು. ಆದರೆ ಎಕರೆಗೆ 40 ಟನ್ ಬೆಳೆಯುವ ನೆಲದಲ್ಲಿ ಬೇರೆ ದುಡ್ಡನ್ನು ಬೆಳೆ ದುಡ್ಡು ಅಂತ ತೋರಿಸಲು ಕಾಗದದ ಮೇಲೆ 400 ಟನ್ ಬೆಳೆದವರನ್ನೂ ನೋಡಿದ್ದೇನೆ. ವಿಶ್ವೇಶ್ವರಯ್ಯನವರು ಕಟ್ಟೆ ಕಟ್ಟಿಸಿದ್ದು ಇಂಥ ಬೆಳೆಗಲ್ಲ.

ನೋಡು, ಭಾಷಣ ಶುರುವಾಯಿತು. ಮಾಡಲ್ಲ ಅಂದುಕೊಂಡೇ ಕೂತಿದ್ದೆ.

ನಿನ್ನ ಬಗ್ಗೆ ನನಗೆ ಹೆಮ್ಮೆ ಇಲ್ಲ ಅಂದುಕೊಳ್ಳಬೇಡ. ಸಿಎ ರಿಸಲ್ಟ್ ಬಂದ ದಿನ ನಾನು ಬೀದಿಗೆಲ್ಲ ಮದ್ದೂರು ವಡೆ ಹಂಚಿದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಹೇಳುತ್ತೇನೆ. ಆ ಛತ್ರದ ಮನೆಗೂ ಹೋಗಿ ಕೊಟ್ಟು ಬಂದೆ. "ನನ್ನ ಮಗಳು ಆಡಿಟರ್ ಆದಳು" ಅಂದೆ. ಹಾಗೆ ಅನ್ನುವಾಗ ಎದೆಯಲ್ಲಿ ಏನಿತ್ತು ಅಂತ ನನಗೇ ಸರಿಯಾಗಿ ತಿಳಿಯಲಿಲ್ಲ. ಇನ್ನು ನಮ್ಮ ಕಡೆಗೂ ಮುತ್ತಿನ ಹಾಗೆ ಬರೆಯುವವರು ಒಬ್ಬರು ಬಂದರು ಅಂತ ಅನ್ನಿಸಿರಬೇಕು. ಈಗ ದುಬೈನಲ್ಲಿ ಕೂತು, ಕೋಟ್ಯಧಿಪತಿಗಳು ವರ್ಷದಲ್ಲಿ ಎಷ್ಟು ದಿನ ಇಂಡಿಯಾದಲ್ಲಿದ್ದರು ಅಂತ ಎಣಿಸುವ ಕೆಲಸ ನಿನಗೆ. 182 ದಿನ ಇದ್ದರೆ ತೆರಿಗೆ ಲೆಕ್ಕಕ್ಕೆ ಇಲ್ಲಿನ ನಿವಾಸಿ ಅಂತ ನಾನಂದರೆ, ಕೆಲವರಿಗೆ 120 ಅಂತ ತಿದ್ದಿದೆ. ಆ ಹೊತ್ತಲ್ಲೂ ತಿದ್ದಿದೆ ನೋಡು, ಅಲ್ಲಿ ಮಾತ್ರ ನೀನು ನನ್ನ ಮಗಳೇ.

"ಅಲ್ಲಿ ನನ್ನ ಸಂಬಳಕ್ಕೆ ಟ್ಯಾಕ್ಸೇ ಇಲ್ಲ" ಅಂತ ನೀನು ನಗುತ್ತಾ ಹೇಳಿದ್ದು. ನನಗೆ ಹೆದರಿಕೆ ಆಯಿತು, ಅದು ಸಿಟ್ಟಾಗಿ ಹೊರಗೆ ಬಂತು. ನೀನೂ ಬೋರ್‌ವೆಲ್ ಮನೆಯವಳಾಗಿಬಿಡುತ್ತೀಯ ಅಂತ. ಅಂದಹಾಗೆ ಅಲ್ಲೂ 2018ರಿಂದ ಶೇ 5 ವ್ಯಾಟ್ ಇದೆಯಂತೆ. ಸೋಪು ಕೊಳ್ಳುವವರನ್ನು ಅಲ್ಲೂ ಬಿಟ್ಟಿಲ್ಲ.

ಹೋಗಬೇಡ ಅನ್ನುತ್ತಿಲ್ಲ. ಮೂವತ್ತಾಯಿತು, ನಿನ್ನ ದಾರಿ ನಿನಗೆ ಗೊತ್ತು. ಯಾವುದಾದರೂ ಫಾರಂ ಕೈಗೆ ಬಂದಾಗ ಛತ್ರಕ್ಕೆ ಮನೆ ಅಂತ ಬರೆಯಬೇಕಾಗಿ ಬಂದರೆ ಒಂದು ನಿಮಿಷ ಪೆನ್ನು ಕೆಳಗಿಡು. ನಿನ್ನ ಕೆಲಸ ಅಷ್ಟು ಸರಳ ಇಲ್ಲ ಅಂತೀಯ. ಇರಬಹುದು.

ಈಗ ಸೈಟಿನ ವಿಷಯ. ಕೊಟ್ಟ ಬೆಲೆಯನ್ನೇ ಕ್ರಯಪತ್ರದಲ್ಲಿ ಬರೆಸಿದ್ದೆಯಾ ಅಂತ ಕೇಳಿದೆಯಲ್ಲ.

2006ರಲ್ಲಿ ನಾನು ಕೊಟ್ಟದ್ದು 3,20,000. ಕ್ರಯಪತ್ರದಲ್ಲಿ ಇರುವುದು 1,10,000. ಎಸ್.ಆರ್. ರೇಟು, ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಸರ್ಕಾರಿ ಬೆಲೆ, ಅಷ್ಟೇ ಇತ್ತು. "ಎಲ್ಲರೂ ಹೀಗೇ ಮಾಡೋದು ಸಾರ್" ಅಂದ ಪತ್ರ ಬರಹಗಾರ. ಮಿಕ್ಕಿದ್ದನ್ನು ನ್ಯೂಸ್‌ಪೇಪರಲ್ಲಿ ಸುತ್ತಿ, ಹೊರಗೆ ಹುಣಸೆ ಮರದ ಕೆಳಗೆ ಕೊಟ್ಟೆ. ಅಜ್ಜಿ ಹತ್ತಿರ 32 ರೂಪಾಯಿ ಬಿಡದೆ ವಸೂಲಿ ಮಾಡಿದ ಎರಡೇ ವರ್ಷಕ್ಕೆ. ಉಳಿಸಿದ ಸ್ಟ್ಯಾಂಪ್ ದುಡ್ಡಲ್ಲಿ ನಿನಗೆ ಸೈಕಲ್ ಬಂತು, ಮಿಕ್ಕಿದ್ದು ಪಾಯಕ್ಕೆ ಹೋಯಿತು. ನೀನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಆ ಪದ ಬಂದದ್ದು. ಉತ್ತರ ಇಲ್ಲದವನಿಗೆ ಬಾಯಿ ಜಾಸ್ತಿ.

ಇಪ್ಪತ್ತು ವರ್ಷ ಆಯಿತು. ಕ್ರಯಪತ್ರ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನಿನ್ನ ಕಕ್ಷಿದಾರರಿಗೆಲ್ಲ ಕಮ್ಮಿ ಕಟ್ಟುವ ದಾರಿ ತೋರಿಸುತ್ತೀಯಲ್ಲ, ನಿಮ್ಮಪ್ಪನಿಗೆ ಆ ವ್ಯತ್ಯಾಸ ಕಟ್ಟಲು ಯಾವುದಾದರೂ ದಾರಿ ಇದ್ದರೆ ಹುಡುಕಿಕೊಡು. ಫೀಸು ಎಷ್ಟು ಅಂತಲೂ ಹೇಳು. ತಮಾಷೆಗೆ ಬರೆಯುತ್ತಿಲ್ಲ.

ಅಮ್ಮ ಚಟ್ನಿಪುಡಿ, ಹುರಿಹಿಟ್ಟು ಕಟ್ಟಿದ್ದಾಳೆ. ಹಪ್ಪಳ ನಾನೇ ಕಟ್ಟಿದ್ದು, ಹುರಿದಿಲ್ಲ. ಅರ್ಧ ಒಣಗಿದ ಎರಡನ್ನು ಬೇರೆ ಪೊಟ್ಟಣದಲ್ಲಿ ಇಟ್ಟಿದ್ದೇನೆ, ಬೇಗ ತಿನ್ನು, ಬೂಷ್ಟು ಹಿಡಿದೀತು. ಭಾನುವಾರ ಮೈಸೂರಿಂದ ಬರುವ ಫ್ಲೈಬಸ್ಸು ಹತ್ತಿ ಏರ್‌ಪೋರ್ಟಿಗೆ ಬರಲಾ? ಬೇಡ ಅಂದರೆ ಬರಲ್ಲ. ಏನೂ ಹೇಳದೆ ಇದ್ದರೆ ಬರುತ್ತೇನೆ.

ಇಂತಿ,
ಅಪ್ಪ